ಆಟವೂ ಅಂಗಳವೂ: ಒಂದು ಟಿ.ವಿ., ನಾಲ್ವರು ಆಟಗಾರರು

ಕಾಗವಾಡ, ಶೇಡಬಾಳ, ಐನಾಪುರ, ಉಗಾರದ ಕಡೆಯ ಹಳೆಯ ಮನೆಗಳ ಕಟ್ಟೆಯ ಮೇಲೆ ಇದ್ದಿಲಿನಿಂದಲೋ ಸೀಮೆಸುಣ್ಣದ ತುಂಡಿನಿಂದಲೋ ಐದು ಅಡ್ಡ ಐದು ಉದ್ದದ ಚೌಕ ಎಳೆದು ಕವಡೆ ಹಾಕುವವರನ್ನು ನೋಡದವರು ಕಡಿಮೆ. ಚೌಕಾಬಾರ ಎಂದು ಪುಸ್ತಕಗಳು ಕರೆಯುವ ಈ ಆಟಕ್ಕೆ ಊರಿಗೊಂದು ಹೆಸರಿದೆ. ಗಡಿಯಾಚೆಯ ಮಿರಜ, ಸಾಂಗಲಿಗಳಲ್ಲೂ ಇದೇ ಆಟ, ಹೆಸರಷ್ಟೇ ಬೇರೆ. ಗಡಿ ಎಲ್ಲಿ ಹಾಯಬೇಕೆಂದು ಎರಡು ಸರಕಾರಗಳು ವಾದ ಮಾಡುವುದಕ್ಕೆ ಎಷ್ಟೋ ಮೊದಲೇ ಕವಡೆಗಳು ಅತ್ತಿಂದಿತ್ತ ದಾಟಿಯಾಗಿತ್ತು.

ಈ ಇಪ್ಪತ್ತೈದು ಮನೆಗಳ ಚೌಕವನ್ನು ಒಮ್ಮೆ ಆಟಗಾರನ ಕಣ್ಣಿನಿಂದಲ್ಲ, ಅದನ್ನು ಮೊದಲು ಎಳೆದವನ ಕಣ್ಣಿನಿಂದ ನೋಡಬೇಕು. ನಾಲ್ಕು ಬದಿಗಳ ನಡುಮಧ್ಯೆ ನಾಲ್ಕು ಕಟ್ಟೆಗಳು, ಅಂದರೆ ಅಡ್ಡಗೆರೆ ಹಾಕಿದ ಮನೆಗಳು. ಒಬ್ಬೊಬ್ಬರಿಗೆ ಒಂದೊಂದು. ಹೊರಸುತ್ತಿನ ಹದಿನಾರು ಮನೆಗಳನ್ನು ಒಂದು ದಿಕ್ಕಿಗೆ ಸುತ್ತಿ, ಒಳಸುತ್ತಿನ ಎಂಟನ್ನು ಅದರ ವಿರುದ್ಧ ದಿಕ್ಕಿಗೆ ಸುತ್ತಿ, ನಡುಮನೆಯಲ್ಲಿ ಹಣ್ಣಾಗಬೇಕು. ಯಾವ ಬದಿಯಲ್ಲಿ ಕುಳಿತರೂ ದಾರಿಯ ಉದ್ದ ಒಂದೇ. ನನ್ನ ಕಾಯಿ ಹೊರಡುವ ಕಟ್ಟೆಯೇ ನನ್ನ ಎದುರಾಳಿಗೆ ಆಶ್ರಯದ ಜಾಗವೂ ಹೌದು, ಅಲ್ಲಿ ಅವನನ್ನು ಹೊಡೆಯುವಂತಿಲ್ಲ. ಎಲ್ಲರ ದಾರಿಯೂ ಎಲ್ಲರ ದಾರಿಯ ಮೇಲೆ ಹಾಯುತ್ತದೆ. ಆದ್ದರಿಂದಲೇ ಜಗಳ, ಆದ್ದರಿಂದಲೇ ರಂಜನೆ. ಆಟದ ಜೀವ ಕವಡೆಯಲ್ಲಿದೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಇರುವುದು ಅಂಗಳದ ನಕ್ಷೆಯಲ್ಲಿ.

ಈ ಮಾತನ್ನು ಹೇಳಲು ಕಾರಣ, ಇದೇ ಪಾಠವನ್ನು 1997ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿ ಕುಳಿತ ಹತ್ತು ಜನರ ತಂಡವೊಂದು ಬೇರೆಯದೇ ಸಾಮಗ್ರಿಯಲ್ಲಿ ಮತ್ತೆ ಕಂಡುಕೊಂಡಿತು. ಆ ಕಂಪನಿಯ ಹೆಸರು ರೇರ್. ಅವರು ಮಾಡಿದ ಆಟ ‘ಗೋಲ್ಡನ್‌ಐ 007’. ಜೇಮ್ಸ್ ಬಾಂಡ್‌ನ 1995ರ ಚಲನಚಿತ್ರವನ್ನು ಆಧರಿಸಿ, ಜಪಾನಿನ ನಿಂಟೆಂಡೊ ಕಂಪನಿಯ ‘ನಿಂಟೆಂಡೊ 64’ ಎಂಬ ಟಿ.ವಿ. ಆಟದ ಪೆಟ್ಟಿಗೆಗಾಗಿ ಮಾಡಿದ್ದು. 1997ರ ಆಗಸ್ಟ್‌ನಲ್ಲಿ ಹೊರಬಂದ ಈ ಆಟದ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಇದು ‘ಫಸ್ಟ್ ಪರ್ಸನ್ ಶೂಟರ್’ ಎಂಬ ಜಾತಿಗೆ ಸೇರಿದ್ದು. ಆಟಗಾರ ತನ್ನ ಪಾತ್ರವನ್ನು ಹೊರಗಿನಿಂದ ನೋಡುವುದಿಲ್ಲ. ಪಾತ್ರದ ಕಣ್ಣಿಗೆ ಏನು ಕಾಣುತ್ತದೋ ಅದೇ ಪರದೆಯ ಮೇಲೆ ಕಾಣುತ್ತದೆ. ಕೆಳಗೆ ಒಂದು ಕೈ, ಕೈಯಲ್ಲಿ ಬಂದೂಕು. ನಮ್ಮ ವ್ಯಾಕರಣದ ಲೆಕ್ಕದಲ್ಲಿ ಇದನ್ನು ‘ಉತ್ತಮ ಪುರುಷ’ ಎನ್ನಬೇಕು. ಸಿಕ್ಕಸಿಕ್ಕವರ ಮೇಲೆ ಗುಂಡು ಹಾರಿಸುವವನಿಗೆ ಆ ಹೆಸರು ಎಷ್ಟು ಒಪ್ಪುತ್ತದೆ ಎಂಬುದನ್ನು ವೈಯಾಕರಣಿಗಳೇ ಹೇಳಲಿ. 1993ರ ‘ಡೂಮ್’ ಎಂಬ ಕಂಪ್ಯೂಟರ್ ಆಟ ಈ ಬಗೆಯನ್ನು ಜಗತ್ತಿಗೆ ಪರಿಚಯಿಸಿತ್ತು. ಆದರೆ ಅದು ಮೇಜಿನ ಮುಂದೆ ಕುಳಿತು ಆಡುವ ಆಟ. ಮನೆಯ ಟಿ.ವಿ. ಮುಂದೆ, ಕೈಯಲ್ಲೊಂದು ನಿಯಂತ್ರಕ ಹಿಡಿದು, ಬಂಧುಬಳಗದ ನಡುವೆ ಕುಳಿತು ಇಂತಹ ಆಟ ಆಡುವುದು ಸಾಧ್ಯವೆಂದು ಹೆಚ್ಚಿನವರು ನಂಬಿರಲಿಲ್ಲ.

ತಂಡದ ಮುಖ್ಯಸ್ಥ ಮಾರ್ಟಿನ್ ಹಾಲಿಸ್. ಅವನ ಜೊತೆಗಿದ್ದವರಲ್ಲಿ ಬಹುತೇಕರಿಗೆ ಅದು ಮೊದಲ ಆಟ. ಆರಂಭದಲ್ಲಿ ಅವರ ಯೋಜನೆಯೇ ಬೇರೆ ಇತ್ತು. ಹಳಿಯ ಮೇಲಿನ ಬಂಡಿಯಂತೆ ಆಟಗಾರನನ್ನು ಯಂತ್ರವೇ ಮುಂದೆ ಒಯ್ಯುತ್ತದೆ, ಅವನ ಕೆಲಸ ಗುರಿಯಿಟ್ಟು ಹೊಡೆಯುವುದು ಮಾತ್ರ. ಸೆಗಾ ಕಂಪನಿಯ ‘ವರ್ಚುವಾ ಕಾಪ್’ ಎಂಬ ಆಟ ಹೀಗೇ ಇತ್ತು. ಕ್ರಮೇಣ ಅವರು ಹಳಿ ಕಿತ್ತುಹಾಕಿದರು, ಆಟಗಾರನಿಗೆ ಕಾಲು ಕೊಟ್ಟರು. ಕಾಲು ಕೊಟ್ಟಮೇಲೆ ನಡೆಯಲು ನೆಲ ಬೇಕಲ್ಲ!

ಈ ನೆಲವನ್ನು ಅವರು ಕಟ್ಟಿದ ರೀತಿ ಬಲು ವಿಚಿತ್ರ. ಸಾಮಾನ್ಯವಾಗಿ ಆಟದ ವಿನ್ಯಾಸಕ ಮೊದಲು ಆಟಗಾರ ಎಲ್ಲಿಂದ ಹೊರಡಬೇಕು, ಎಲ್ಲಿ ಶತ್ರು ಎದುರಾಗಬೇಕು, ಎಲ್ಲಿ ಮುಗಿಯಬೇಕು ಎಂದು ನಿರ್ಧರಿಸಿ ಅದಕ್ಕೆ ತಕ್ಕ ಗೋಡೆ ಎಬ್ಬಿಸುತ್ತಾನೆ. ಗೋಲ್ಡನ್‌ಐ ತಂಡ ಇದಕ್ಕೆ ತಿರುವುಮುರುವಾಗಿ ನಡೆಯಿತು. ಅವರು ಲೀವ್ಸ್‌ಡನ್ನಿನಲ್ಲಿದ್ದ ಚಿತ್ರೀಕರಣದ ಸೆಟ್ಟುಗಳಿಗೆ ಹೋದರು, ಛಾಯಾಚಿತ್ರ ತೆಗೆದರು, ಸೆಟ್ಟುಗಳ ನೀಲನಕ್ಷೆ ಪಡೆದರು. ಕಾರ್ಲ್ ಹಿಲ್ಟನ್ ಮತ್ತು ಡಂಕನ್ ಬಾಟ್‌ವುಡ್ ಮೊದಲು ಕಟ್ಟಡವನ್ನು ಕಟ್ಟಡವಾಗಿಯೇ ಕಟ್ಟಿದರು. ಎಲ್ಲಿ ಕಾವಲುಗಾರ ನಿಲ್ಲುತ್ತಾನೆ, ಬಾಂಡ್‌ನ ಕೆಲಸವೇನು ಎಂಬುದನ್ನು ಆಮೇಲೆ ತುಂಬಿದರು. ಮುಂದೆ 2004ರಲ್ಲಿ ನೀಡಿದ ಭಾಷಣವೊಂದರಲ್ಲಿ ಹಾಲಿಸ್ ಇದನ್ನು ವಿವರಿಸುತ್ತ, ವಿನ್ಯಾಸದ ನಿಯಮಕ್ಕೆ ವಿರುದ್ಧವಾದ ಈ ಕ್ರಮವೇ ಆಟಕ್ಕೆ ನೈಜತೆ ತಂದಿತು ಎಂಬ ಅರ್ಥದ ಮಾತು ಹೇಳಿದ್ದಾನೆ.

ಇದರಿಂದ ಆದದ್ದೇನು? ಆ ಕಟ್ಟಡಗಳಲ್ಲಿ ಏನೂ ನಡೆಯದ ಕೋಣೆಗಳಿವೆ. ಎಲ್ಲಿಗೂ ಅವಸರವಿಲ್ಲದ ಹಜಾರಗಳಿವೆ. ಒಂದೇ ಜಾಗಕ್ಕೆ ಎರಡು ಮೂರು ದಾರಿಗಳಿವೆ. ನಿಜವಾದ ಮನೆಯಲ್ಲಿ ಎಲ್ಲ ಕೋಣೆಗಳೂ ಕತೆ ಹೇಳುವುದಿಲ್ಲ. ಉಗ್ರಾಣದಲ್ಲಿ ಉಳ್ಳಾಗಡ್ಡಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಾಗಿರುವುದರಿಂದಲೇ ಅದು ಮನೆ. ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯ ಹಂತವನ್ನು ನೋಡಿ: ಬಾಂಡ್ ಗಾಳಿಕೊಳವೆಯಲ್ಲಿ ತೆವಳುತ್ತ ಬಂದು ಶೌಚಾಲಯದೊಳಗೆ ಇಳಿಯುತ್ತಾನೆ. ಅಲ್ಲಿ ಕಾವಲುಗಾರರು ಇದ್ದಾರೆ. ಸದ್ದಡಗಿಸಿದ ಪಿಸ್ತೂಲು ಬಳಸಿದರೆ ಮುಂದಿನ ಕೋಣೆಗೆ ಸುದ್ದಿ ಹೋಗುವುದಿಲ್ಲ, ದೊಡ್ಡ ಬಂದೂಕು ಹಾರಿಸಿದರೆ ಆ ಸದ್ದಿಗೆ ಉಳಿದವರು ಓಡಿ ಬರುತ್ತಾರೆ. ಗೋಡೆ ಬರಿಯ ಗೋಡೆಯಾಗಿ ಉಳಿಯದೆ, ಸದ್ದು ಎಲ್ಲಿಯವರೆಗೆ ಹೋಗುತ್ತದೆ ಎಂಬ ಲೆಕ್ಕವೂ ಆಗುತ್ತದೆ. ಅದೇ ಕಾರ್ಖಾನೆಯಲ್ಲಿ ಡಾಕ್ಟರ್ ಡೋಕ್ ಎಂಬ ವಿಜ್ಞಾನಿಯನ್ನು ಹುಡುಕಬೇಕು. ಅವನು ಪ್ರತಿ ಸಲವೂ ಒಂದೇ ಕಡೆ ಇರುವುದಿಲ್ಲ. ತಂಡದ ಸದಸ್ಯ ಡೇವಿಡ್ ಡೋಕ್‌ನ ಹೆಸರನ್ನೇ ಆ ಪಾತ್ರಕ್ಕೆ ಇಟ್ಟಿದ್ದರು.

ಮತ್ತೊಂದು ಜಾಣತನವಿದೆ. ಒಂದೇ ಅಂಗಳವನ್ನು ಮೂರು ಬಾರಿ ಮಾರುವ ಜಾಣತನ ಎಂದರೂ ಸರಿಯೇ! ಮೊದಲ ಹಂತ ಒಂದು ಅಣೆಕಟ್ಟು. ಸುಲಭದ ಕ್ರಮದಲ್ಲಿ ಆಡುವವನು ಕಾವಲು ದಾಟಿ ಹೋಗಿ ಅಣೆಕಟ್ಟಿನಿಂದ ಹಗ್ಗ ಕಟ್ಟಿಕೊಂಡು ಕೆಳಕ್ಕೆ ಜಿಗಿದರೆ ಸಾಕು. ನಡುವಿನ ಕ್ರಮದಲ್ಲಿ ಅಪಾಯದ ಗಂಟೆಗಳನ್ನು ಹಾಳುಗೆಡವಿ ಜಿಗಿಯಬೇಕು. ಕಠಿಣ ಕ್ರಮದಲ್ಲಿ ಇವೆಲ್ಲದರ ಜೊತೆಗೆ ಗುಟ್ಟಾಗಿ ಮೋಡೆಮ್ ಜೋಡಿಸಿ ಮಾಹಿತಿ ಕದಿಯಬೇಕು. ಮೊದಲ ಸಲ ಓಡುತ್ತ ದಾಟಿದ ಜಾಗದಲ್ಲಿ ಮೂರನೆಯ ಸಲ ನಿಂತು ಹುಡುಕಬೇಕಾಗುತ್ತದೆ. ‘ಸೂಪರ್ ಮಾರಿಯೋ 64’ ಎಂಬ ಆಟದಲ್ಲಿ ಒಂದೇ ಲೋಕಕ್ಕೆ ಮತ್ತೆ ಮತ್ತೆ ಹೋಗಿ ಬೇರೆ ಬೇರೆ ಕೆಲಸ ಮಾಡುವ ಕ್ರಮವಿತ್ತು. ಹಾಲಿಸ್ ತಂಡ ಅದನ್ನು ನೋಡಿ ಕಲಿತಿತು. ಆಟದ ಕ್ಯಾಸೆಟ್ಟಿನಲ್ಲಿ ಇದ್ದ ಜಾಗ ಕೇವಲ 12 ಮೆಗಾಬೈಟ್ ಎಂಬುದನ್ನು ನೆನೆದರೆ ಈ ಮಿತವ್ಯಯದ ಬೆಲೆ ತಿಳಿಯುತ್ತದೆ. ಇಂದು ಫೋನಿನಲ್ಲಿ ತೆಗೆಯುವ ಮೂರು ನಾಲ್ಕು ಛಾಯಾಚಿತ್ರಗಳು ಅಷ್ಟು ಜಾಗ ತಿನ್ನುತ್ತವೆ.

ಇಷ್ಟಾದರೂ ಈ ಆಟ ಜನರ ನೆನಪಿನಲ್ಲಿ ಉಳಿದದ್ದು ಬಾಂಡ್‌ನ ಕತೆಯಿಂದ ಅಲ್ಲ. ನಿಂಟೆಂಡೊ 64 ಪೆಟ್ಟಿಗೆಯ ಮುಂಭಾಗದಲ್ಲಿ ನಾಲ್ಕು ನಿಯಂತ್ರಕಗಳನ್ನು ಸಿಕ್ಕಿಸುವ ನಾಲ್ಕು ಕಿಂಡಿಗಳಿದ್ದವು. ಆಟ ಮುಗಿಯಲು ಸುಮಾರು ಆರು ತಿಂಗಳಿದ್ದಾಗ ಸ್ಟೀವ್ ಎಲ್ಲಿಸ್ ಎಂಬ ಪ್ರೋಗ್ರಾಮರ್ ಈ ನಾಲ್ಕು ಕಿಂಡಿಗಳಿಗೂ ಕೆಲಸ ಕೊಡಲು ಹೊರಟ. ಮೇಲಿನವರಿಗೆ ಮೊದಲು ಹೇಳಿಯೂ ಇರಲಿಲ್ಲವಂತೆ. ಟಿ.ವಿ. ಪರದೆ ನಾಲ್ಕು ತುಂಡಾಯಿತು. ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರ ಕಣ್ಣೋಟ. ನಾಲ್ವರೂ ಒಂದೇ ಕಟ್ಟಡದೊಳಗೆ ಒಬ್ಬರನ್ನೊಬ್ಬರು ಬೇಟೆಯಾಡುವುದು. ಯಂತ್ರಕ್ಕೆ ಭಾರವಾಗಿ ಚಿತ್ರ ತೊಡರುತ್ತಿತ್ತು. ಯಾರೂ ಅದನ್ನು ಲೆಕ್ಕಕ್ಕೆ ಇಡಲಿಲ್ಲ.

ಇಲ್ಲಿ ಅಂಗಳದ ಪ್ರಶ್ನೆ ಮತ್ತೆ ಬರುತ್ತದೆ. ಒಬ್ಬನೇ ಆಡುವ ಕತೆಯ ಹಂತ ಉದ್ದವಾಗಿರುತ್ತದೆ, ಅದಕ್ಕೆ ಮೊದಲು ಕೊನೆ ಇರುತ್ತದೆ. ನಾಲ್ವರ ಬೇಟೆಗೆ ಅದು ನಡೆಯದು. ಕೊನೆಯೆಂಬುದು ಇದ್ದರೆ ಅಲ್ಲಿ ಒಬ್ಬ ಬೆನ್ನಿಗೆ ಗೋಡೆ ಕೊಟ್ಟು ಕುಳಿತುಬಿಡುತ್ತಾನೆ, ಆಟ ಅಲ್ಲಿಗೇ ಸತ್ತಿತು. ಹಾಗಾಗಿ ಅಂಗಳ ವರ್ತುಲವಾಗಿರಬೇಕು. ಪ್ರತಿ ಕೋಣೆಗೂ ಎರಡು ಬಾಗಿಲಾದರೂ ಬೇಕು: ಬೆನ್ನಟ್ಟುವವನಿಗೆ ಒಂದು, ತಪ್ಪಿಸಿಕೊಳ್ಳುವವನಿಗೆ ಒಂದು. ಕಾರ್ಖಾನೆಯಂತಹ ಕತೆಯ ಕೆಲವು ಜಾಗಗಳನ್ನು ತಂಡ ಕತ್ತರಿಸಿ ಬಳಸಿತು, ಅದರ ಜೊತೆಗೆ ಬೇಟೆಗೆಂದೇ ಹೊಸ ಅಂಗಳಗಳನ್ನೂ ಕಟ್ಟಿತು. ‘ಕಾಂಪ್ಲೆಕ್ಸ್’, ‘ಟೆಂಪಲ್’ ಇವು ಅಂಥವು. ‘ಲೈಬ್ರರಿ’ ಎಂಬ ಅಂಗಳದ ಮೇಲಂತಸ್ತು ಮಾತ್ರ ಆಡಿದರೆ ಅದಕ್ಕೆ ‘ಸ್ಟ್ಯಾಕ್’ ಎಂದು ಹೆಸರು, ಕೆಳಂತಸ್ತು ಮಾತ್ರ ಆಡಿದರೆ ‘ಬೇಸ್‌ಮೆಂಟ್’. ಜನ ಕಡಿಮೆಯಿದ್ದರೆ ಸಣ್ಣ ಅಂಗಳ, ಹೆಚ್ಚಿದ್ದರೆ ದೊಡ್ಡದು. ಇಬ್ಬರಿಗೆ ಇಡೀ ಕಟ್ಟಡ ಕೊಟ್ಟರೆ ಅರ್ಧ ಆಟ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಕಳೆದುಹೋಗುತ್ತದೆ.

ಆಯುಧಗಳು, ಮೈಗೆ ತೊಡುವ ಕವಚಗಳು ಗೊತ್ತಾದ ಜಾಗಗಳಲ್ಲೇ ಸಿಗುತ್ತವೆ. ನಾಲ್ಕು ಸಲ ಆಡಿದವನಿಗೆ ಇವೆಲ್ಲ ಬಾಯಿಪಾಠ. ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಅಲ್ಲಿಗೇ ಧಾವಿಸುತ್ತಾರೆ, ಅಲ್ಲಿಯೇ ಕಾದಾಟ. ಚೌಕಾಬಾರದಲ್ಲಿ ಕಟ್ಟೆಯ ಹಿಂದಿನ ಒಂದೆರಡು ಮನೆಗಳಲ್ಲಿ ಕಾಯಿಗಳು ಹೇಗೆ ಗುಂಪುಗೂಡಿ ಹೊಂಚುತ್ತವೋ ಹಾಗೆ. ಸತ್ತವನು ಆಟದಿಂದ ಹೊರಬೀಳುವುದಿಲ್ಲ, ಕ್ಷಣದಲ್ಲೇ ಬೇರೊಂದು ಮೂಲೆಯಲ್ಲಿ ಮತ್ತೆ ಹುಟ್ಟುತ್ತಾನೆ. ಹೊಡೆತ ತಿಂದ ಕಾಯಿ ಮನೆಯಿಂದ ಮತ್ತೆ ಹೊರಡುವ ಹಾಗೆಯೇ. ಗೆದ್ದವನಿಗೂ ಸೋತವನಿಗೂ ಕೊನೆಯವರೆಗೆ ಕೈತುಂಬ ಕೆಲಸವಿರುವುದು ಈ ಎರಡು ಆಟಗಳ ಸಮಾನ ಗುಣ.

ಒಂದು ಟಿ.ವಿ. ಎಂದಮೇಲೆ ಪಕ್ಕದವನ ಮೂಲೆಯತ್ತ ಕಣ್ಣು ಹಾಯದೆ ಇರುತ್ತದೆಯೆ? ಇಣುಕಿ ನೋಡುವುದು ತಪ್ಪೋ ಸರಿಯೋ ಎಂಬ ವಾದ ಇಂಗ್ಲೆಂಡ್, ಅಮೆರಿಕದ ಮನೆಮನೆಗಳಲ್ಲಿ ನಡೆಯಿತು. ಅಡಗಿಕೊಳ್ಳಲು ಸ್ಥಳವೇನೋ ಇತ್ತು, ಆದರೆ ಅಡಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಗೋಡೆಗೆ ಮುಖ ಮಾಡಿ ನಿಂತು ತಾನೆಲ್ಲಿದ್ದೇನೆಂದು ತಿಳಿಯದಂತೆ ಮಾಡುವುದೂ ಒಂದು ತಂತ್ರವಾಯಿತು. ಇದಕ್ಕಿಂತ ದೊಡ್ಡ ತಕರಾರು ಆಡ್‌ಜಾಬ್ ಎಂಬ ಪಾತ್ರದ್ದು. ಅವನು ಉಳಿದವರಿಗಿಂತ ಕುಳ್ಳ. ಸಮನೆತ್ತರಕ್ಕೆ ಹಾರಿಸಿದ ಗುಂಡು ಅವನ ತಲೆಯ ಮೇಲೆ ಹೋಗುತ್ತಿತ್ತು. ‘ಆಡ್‌ಜಾಬ್ ಆರಿಸಿಕೊಳ್ಳುವಂತಿಲ್ಲ’ ಎಂಬ ನಿಯಮವನ್ನು ಆಟದ ಪುಸ್ತಕ ಬರೆಯಲಿಲ್ಲ, ಆಡುವವರೇ ಮಾಡಿಕೊಂಡರು. ಅವನನ್ನು ಆರಿಸಿಕೊಳ್ಳುವುದು ಮೋಸವೇ ಸರಿ ಎಂದು ಬಹಳ ವರ್ಷಗಳ ಮೇಲೆ ತಯಾರಕರ ಕಡೆಯಿಂದಲೂ ನಗುತ್ತ ಒಪ್ಪಿಗೆ ಬಂತು. ‘ನಮ್ಮ ಮನೆಯಲ್ಲಿ ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಬಿಡುವುದಿಲ್ಲ’ ಎಂದು ಚೌಕಾಬಾರದಲ್ಲಿ ಅಜ್ಜಿ ಹೇಳುವ ಕಟ್ಟಳೆಗೂ ಇದಕ್ಕೂ ಏನು ವ್ಯತ್ಯಾಸ? ಎದುರಾಳಿ ಮೊಣಕೈ ತಾಗುವಷ್ಟು ಹತ್ತಿರ ಕುಳಿತಿರುವಾಗ ನ್ಯಾಯಾಲಯ ಅಲ್ಲೇ ಸೇರುತ್ತದೆ.

ಗುಂಡು ಹಾರಿಸುವ ಆಟದ ಬಗ್ಗೆ ಇಷ್ಟು ಹೊಗಳಿಕೆಯೇ ಎಂದು ಓದುಗರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆ ಶಂಕೆ ಹೊಸತಲ್ಲ. ನಿಂಟೆಂಡೊದ ಹಿರಿಯ ವಿನ್ಯಾಸಕ, ಮಾರಿಯೋನ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಆಟವನ್ನು ನೋಡಿ ಹಾಲಿಸ್‌ಗೆ ಒಂದು ಫ್ಯಾಕ್ಸ್ ಕಳಿಸಿದ್ದ. ತೀರ ಹತ್ತಿರದಿಂದ ಕೊಲ್ಲುವುದು ಹೆಚ್ಚಾಯಿತು, ಇಡೀ ಆಟ ಸ್ವಲ್ಪ ದುರಂತಮಯವಾಗಿದೆ, ಕೊನೆಯಲ್ಲಿ ಆಟಗಾರ ಆಸ್ಪತ್ರೆಗೆ ಹೋಗಿ ತಾನು ಹೊಡೆದವರಿಗೆಲ್ಲ ಕೈಕುಲುಕಿ ಬಂದರೆ ಹೇಗೆ ಎಂಬುದು ಅವನ ಸಲಹೆಯ ಸಾರ. ಹಾಲಿಸ್ ಆಸ್ಪತ್ರೆ ಕಟ್ಟಲಿಲ್ಲ. ಆದರೆ ಸಿನಿಮಾದಲ್ಲಿ ನಟರ ಹೆಸರು ತೋರಿಸುವಂತೆ ಪಾತ್ರಗಳನ್ನು ಒಂದೊಂದಾಗಿ ಪರಿಚಯಿಸುವ ದೃಶ್ಯವನ್ನು ಸೇರಿಸಿದ. ಇದೆಲ್ಲ ನಾಟಕ, ಸತ್ತವರೆಲ್ಲ ವೇಷಧಾರಿಗಳು ಎಂದು ಹೇಳಿದಂತಾಯಿತು. ನಮ್ಮ ಬಯಲಾಟಗಳಲ್ಲಿ ಬೆಳಗಿನ ಜಾವ ಸತ್ತು ಬಿದ್ದ ರಾಕ್ಷಸ ಎದ್ದು ಬಂದು ಚಹಾ ಕುಡಿಯುವುದನ್ನು ಕಂಡವರಿಗೆ ಈ ಉಪಾಯ ಅಪರಿಚಿತವಲ್ಲ.

ನಮ್ಮ ನಾಡಿಗೂ ಈ ಕತೆಗೂ ಏನು ಸಂಬಂಧ? ನಿಂಟೆಂಡೊ 64 ನಮ್ಮ ಸಣ್ಣ ಊರುಗಳಲ್ಲಿ ಕಾಣಿಸಿಕೊಂಡದ್ದು ಅಪರೂಪ. ಇಲ್ಲಿಗೆ ಬಂದದ್ದು ಟಿ.ವಿ.ಗೆ ಸಿಕ್ಕಿಸುವ ಅಗ್ಗದ ನಕಲು ಪೆಟ್ಟಿಗೆಗಳು. ಅವುಗಳಲ್ಲಿ ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ‘ಕಾಂಟ್ರಾ’ ಆಡಿದ ತಲೆಮಾರು ಈಗ ನಲವತ್ತರ ಆಸುಪಾಸಿನಲ್ಲಿದೆ. ಆದರೆ ಗೋಲ್ಡನ್‌ಐ ಬಂದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ‘ಧ್ರುವ ಇಂಟರಾಕ್ಟಿವ್’ ಆರಂಭವಾಯಿತು. ಭಾರತದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಅದೊಂದು. ಮುಂದೆ ‘ಫೋರ್ಜಾ’ದಂತಹ ಜಗತ್ಪ್ರಸಿದ್ಧ ಕಾರು ಓಟದ ಆಟಗಳಿಗೆ ಇಲ್ಲಿನ ಕಲಾವಿದರ ಕೈಕೆಲಸ ಹೋಯಿತು. ಥಾಮಸ್ ಫ್ರೀಡ್‌ಮನ್ ತನ್ನ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದಲ್ಲಿ ಈ ಸಂಸ್ಥೆಯ ಬಗ್ಗೆ ಬರೆದ. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡವು. ಹೊರಗಿನವರ ಅಂಗಳಕ್ಕೆ ಕಲ್ಲು ಕೆತ್ತಿ ಕೊಡುವುದರಲ್ಲಿ ನಮ್ಮವರು ಎಂದೋ ಪಳಗಿದರು. ಅಂಗಳದ ನಕ್ಷೆ ಎಳೆಯುವ ಕೆಲಸ ಮಾತ್ರ ಬಹುಮಟ್ಟಿಗೆ ಬೇರೆಯವರ ಕೈಯಲ್ಲೇ ಉಳಿಯಿತು.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೇ ಸಾಕ್ಷಿ. 1794ರಿಂದ 1868ರವರೆಗೆ ಬಾಳಿದ ಈ ಅರಸರಿಗೆ ರಾಜ್ಯಾಡಳಿತ ಬ್ರಿಟಿಷರ ಕೈಸೇರಿದ ಮೇಲೆ ಬಿಡುವು ಬೇಕಾದಷ್ಟಿತ್ತು. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ಬಂಧಗಳನ್ನು ಹೆಣೆದರು, ಹೊಸ ಹಾಸುಗಳನ್ನು ರಚಿಸಿದರು, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ ಕೊಟ್ಟರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳ ಚಿತ್ರಗಳಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂತಹ ಹಾಸುಗಳನ್ನು ಮತ್ತೆ ಮಾಡಿಸಿ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ನಡೆಸಿದ್ದಾರೆ. ಇನ್ನು ಹುಲಿ-ಕುರಿ ಆಟವಂತೂ ಅಂಗಳದ ವಿನ್ಯಾಸದಲ್ಲಿ ಒಂದು ಅದ್ಭುತ. ಅದರ ಪ್ರಚಲಿತ ರೂಪವೊಂದರಲ್ಲಿ ತ್ರಿಕೋನದ ಹಾಸಿನ ಮೇಲೆ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ, ಕುರಿಗಳು ಒಟ್ಟಾಗಿ ಅದರ ದಾರಿ ಕಟ್ಟುತ್ತವೆ. ಎರಡು ಪಕ್ಷಗಳಿಗೆ ಬಲ ಬೇರೆ, ನಿಯಮ ಬೇರೆ, ಗೆಲುವಿನ ಅರ್ಥವೂ ಬೇರೆ. ತೂಕ ಮಾತ್ರ ಸಮ. ಇದನ್ನು ಸಾಧಿಸಲು ಇಂದಿನ ಆಟ ಕಂಪನಿಗಳು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತವೆ.

ಈಗ ಕಾಗವಾಡದ ಹುಡುಗನ ಕೈಯಲ್ಲಿ ಇರುವುದು ಫೋನು. ಫೋನಿಗೆ 2018ರಲ್ಲಿ ಬಂದ ‘ಪಬ್‌ಜಿ’ ಎಂಬ ಆಟದ ಅಂಗಳ ಎಂಟು ಕಿಲೋಮೀಟರು ಉದ್ದ, ಎಂಟು ಕಿಲೋಮೀಟರು ಅಗಲದ ದ್ವೀಪ. ನೂರು ಜನ ವಿಮಾನದಿಂದ ಧುಮುಕುತ್ತಾರೆ, ಸುರಕ್ಷಿತ ವಲಯ ಕ್ಷಣಕ್ಷಣಕ್ಕೂ ಕುಗ್ಗುತ್ತದೆ, ಉಳಿದವರು ಒಬ್ಬರ ಮೇಲೊಬ್ಬರು ಬೀಳುವಂತಾಗುತ್ತದೆ. ವಿನ್ಯಾಸದ ದೃಷ್ಟಿಯಿಂದ ಇದೂ ಜಾಣತನದ್ದೇ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಿತು; 2021ರಲ್ಲಿ ಅದೇ ಆಟ ಬೇರೆ ಹೆಸರು ಹೊತ್ತು ಬಂತು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆ ಪ್ರತ್ಯೇಕ ಚಿಕಿತ್ಸಾಲಯ ತೆರೆದಿತ್ತು. ತಂದೆತಾಯಿಗಳ ಕಳವಳ ಸುಳ್ಳಲ್ಲ.

ಆದರೆ ದೂರುವಾಗ ಅವರು ಎತ್ತುವ ಬೆರಳು ಬಂದೂಕಿನ ಕಡೆ ಇರುತ್ತದೆ. ಅಂಗಳದ ಕಡೆ ಯಾರೂ ನೋಡುವುದಿಲ್ಲ. ಗೋಲ್ಡನ್‌ಐಯಲ್ಲೂ ಬಂದೂಕಿತ್ತು. ಅಲ್ಲಿ ಹತ್ತು ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತಿತ್ತು, ನಾಲ್ವರಲ್ಲಿ ಒಬ್ಬನಿಗೆ ಹಸಿವಾದರೆ ಎಲ್ಲರೂ ಏಳುತ್ತಿದ್ದರು, ಮೋಸ ಮಾಡಿದವನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ತೊಂಬತ್ತೊಂಬತ್ತು ಅಪರಿಚಿತರಿರುವ ದ್ವೀಪದಲ್ಲಿ ಯಾರಿಗೂ ಹಸಿವಾಗುವುದಿಲ್ಲ. ಒಬ್ಬ ಹೋದರೆ ಇನ್ನೊಬ್ಬ ಸಿದ್ಧ, ಯಾವ ಹೊತ್ತಿಗೂ ಆಟ ಸಿದ್ಧ. ಗೆಳೆಯರು ತಂಡ ಕಟ್ಟಿ ಆಡುವುದುಂಟು, ಅದರಲ್ಲಿ ಸಂತೋಷವೂ ಉಂಟು. ಆದರೂ ಒಂದೇ ಕಟ್ಟೆಯ ಮೇಲೆ ಸಾಲಾಗಿ ಕುಳಿತ ನಾಲ್ಕು ಹುಡುಗರ ಕೈಯಲ್ಲಿ ನಾಲ್ಕು ಪರದೆಗಳಿರುತ್ತವೆ, ಒಬ್ಬನ ಕಣ್ಣಿಗೆ ಬಿದ್ದದ್ದು ಇನ್ನೊಬ್ಬನಿಗೆ ಕಾಣುವುದಿಲ್ಲ.

2001ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಪೆಟ್ಟಿಗೆಗೆ ಬಂದ ‘ಹೇಲೋ’ ನಾಲ್ಕು ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ ಹದಿನಾರು ಜನ ಆಡುವ ಅವಕಾಶ ಕೊಟ್ಟಿತು. ಅಂತರಜಾಲ ಬಲಿತ ಮೇಲೆ ಪರದೆ ತುಂಡುಮಾಡುವ ಪದ್ಧತಿಯೇ ಕ್ಷೀಣಿಸಿತು. ಗೋಲ್ಡನ್‌ಐ ಮಾತ್ರ ಹಕ್ಕುಗಳ ಗೋಜಲಿನಲ್ಲಿ ಬಹಳ ಕಾಲ ಸಿಕ್ಕಿಬಿದ್ದಿತ್ತು. ಮೂಲ ಆಟ ಮತ್ತೆ ಹೊರಬಂದದ್ದು 2023ರ ಜನವರಿಯಲ್ಲಿ, ಎಕ್ಸ್‌ಬಾಕ್ಸ್ ಮತ್ತು ನಿಂಟೆಂಡೊ ಸ್ವಿಚ್ ಎರಡಕ್ಕೂ ಒಟ್ಟಿಗೆ. ಎಕ್ಸ್‌ಬಾಕ್ಸಿನಲ್ಲಿ ಅಂತರಜಾಲದ ಆಟ ಇರಲಿಲ್ಲ. ನಾಲ್ವರೂ ಹಳೆಯ ಹಾಗೆ ಒಂದೇ ಕೋಣೆಯಲ್ಲಿ ಸೇರಬೇಕಿತ್ತು. ಸ್ವಿಚ್ಚಿನಲ್ಲಿ ದೂರದೂರದ ಊರುಗಳಲ್ಲಿ ಕುಳಿತು ಆಡಬಹುದಾಗಿತ್ತು. ಅಲ್ಲಿಯೂ ಪ್ರತಿಯೊಬ್ಬರ ಪರದೆ ನಾಲ್ಕು ತುಂಡಾಗಿಯೇ ಬಂತು. ಬೇರೆ ಬೇರೆ ಊರುಗಳ ಆಟಗಾರರು ಇಪ್ಪತ್ತೈದು ವರ್ಷಗಳ ಮೇಲೂ ಪಕ್ಕದವನ ಮೂಲೆಗೆ ಇಣುಕಬಹುದಾಗಿತ್ತು.